ಸ್ಮರಣಶಕ್ತಿಗೆ ವ್ಯಾಯಾಮದ ನೆರವು

ಓದುವುದು ಬುದ್ಧಿಯ ಕೆಲಸ, ಓಡುವುದು ಕಾಲಿನ ಕೆಲಸ ಎಂದು ಬಗೆದು, ಪರೀಕ್ಷೆ ಸಮೀಪಿಸಿದೊಡನೆ ಮಕ್ಕಳನ್ನು ಆಟದ ಬಯಲಿನಿಂದ ಒಳಗೆ ಕರೆಯುವ ರೂಢಿ ನಮ್ಮಲ್ಲಿದೆ. ಅದು ಹಿತಚಿಂತನೆಯಿಂದ ಹುಟ್ಟಿದ್ದರೂ ವಿಚಾರಸಮ್ಮತವಲ್ಲ. ಓದಿದುದನ್ನು ಧಾರಣೆಮಾಡುವ ಮೆದುಳೂ ದೇಹದ ಒಂದು ಅಂಗವೇ ಅಷ್ಟೆ.

ಮೆದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇಕಡಾ ೨ ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ ೨೦ ಭಾಗ ಅದಕ್ಕೇ ಬೇಕು. ಬಿರುಸಿನ ನಡಿಗೆ, ಓಟ, ಈಜು, ಸೈಕಲ್ ಸವಾರಿ ಮೊದಲಾದ, ಉಸಿರಾಟವನ್ನೂ ಹೃದಯದ ಬಡಿತವನ್ನೂ ಕೆಲಕಾಲ ಹೆಚ್ಚಿಸುವ ಶ್ರಮಕ್ಕೆ ಏರೋಬಿಕ್ ವ್ಯಾಯಾಮವೆಂದು ಹೆಸರು. ಇದರ ನಿಯತವಾದ ಅಭ್ಯಾಸದಿಂದ ಹೃದಯವೂ ರಕ್ತನಾಳಗಳೂ ದೃಢವಾಗಿ ಮೆದುಳಿಗೆ ರಕ್ತದ ಪೂರೈಕೆ ಸುಗಮವಾಗುತ್ತದೆ. ಮಲಪ್ರಭೆಯ ಕಾಲುವೆಯನ್ನು ಬಲ್ಲ ಕೊಣ್ಣೂರಿನವರಿಗೆ ಇದನ್ನು ಬಹಳವಾಗಿ ವಿವರಿಸಬೇಕಿಲ್ಲ: ಕಾಲುವೆ ಹೂಳದಿದ್ದರೆ ಮಾತ್ರ ನೀರು ಕೊನೆಯ ಹೊಲವನ್ನು ಮುಟ್ಟೀತು. ಇದರೊಡನೆ, ನರಕೋಶಗಳನ್ನು ಪೋಷಿಸಿ ಅವುಗಳ ಪರಸ್ಪರ ಸಂಬಂಧವನ್ನು ಬಲಪಡಿಸುವ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನಿನ ಉತ್ಪತ್ತಿಗೂ ವ್ಯಾಯಾಮವು ಪ್ರೇರಕವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

೨೦೧೧ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ೧೨೦ ಮಂದಿ ವೃದ್ಧರಲ್ಲಿ ಒಂದು ಗುಂಪಿನವರು ವಾರಕ್ಕೆ ೩ ದಿನ, ಕ್ರಮೇಣ ೪೦ ನಿಮಿಷದವರೆಗೆ ನಡಿಗೆಯನ್ನು ರೂಢಿಸಿಕೊಂಡರು. ಇನ್ನೊಂದು ಗುಂಪಿನವರು ಮೈಚಾಚುವ ಹಗುರ ವ್ಯಾಯಾಮವನ್ನಷ್ಟೇ ಮಾಡಿದರು. ವರ್ಷಾಂತ್ಯಕ್ಕೆ, ಸ್ಮೃತಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಎಂಬ ಮೆದುಳಿನ ಭಾಗವು ನಡೆದವರಲ್ಲಿ ಸುಮಾರು ಶೇಕಡಾ ೨ರಷ್ಟು ಹಿಗ್ಗಿತ್ತು. ಉಳಿದವರಲ್ಲಿ ಶೇಕಡಾ ೧.೪ರಷ್ಟು ಕುಗ್ಗಿತ್ತು. ನಂತರದ ಪ್ರಯೋಗಗಳೆಲ್ಲವೂ ಇಷ್ಟೇ ಫಲವನ್ನು ತೋರಿಲ್ಲವಾದುದರಿಂದ ವ್ಯಾಯಾಮವನ್ನು ಮಂತ್ರದಂಡವೆಂದು ಭಾವಿಸಲಾಗದು. ಓದದವನಿಗೆ ಓಟವು ಪಾಠವನ್ನು ಕಲಿಸದು. ಓದುವವನಿಗೆ ಅದು ನೆರವಾಗುವುದು.

ಹಿಂದೆ ಈ ಎರೆಭೂಮಿಯ ರೈತನು ನಸುಕಿನಲ್ಲಿ ಹೊಲಕ್ಕೆ ನಡೆದು, ದಿನವಿಡೀ ಎತ್ತುಗಳ ಹಿಂದೆ ಹೆಜ್ಜೆಹಾಕುತ್ತಿದ್ದನು. ವ್ಯಾಯಾಮವೆಂದು ಬೇರೆಯಾಗಿ ಹೇಳುವ ಅಗತ್ಯವಿರಲಿಲ್ಲ. ಇಂದು ಟ್ರ್ಯಾಕ್ಟರೂ ಮೋಟಾರ್ ಸೈಕಲ್ಲೂ ಆ ಶ್ರಮವನ್ನು ಹಗುರಗೊಳಿಸಿವೆ. ಅವು ಬೇಡವೆನ್ನಲಾಗದು, ಆದರೆ ಕಳೆದುಹೋದ ನಡಿಗೆಯನ್ನು ನಾವೇ ಬುದ್ಧಿಪೂರ್ವಕವಾಗಿ ತುಂಬಿಕೊಳ್ಳಬೇಕು. ೨೦೨೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ೫ರಿಂದ ೧೭ ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ೬೦ ನಿಮಿಷಗಳ, ವಯಸ್ಕರಿಗೆ ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಮಧ್ಯಮ ಶ್ರಮವನ್ನು ವಿಧಿಸಿದೆ. ಹೃದ್ರೋಗವುಳ್ಳವರೂ ವಯೋವೃದ್ಧರೂ ವೈದ್ಯರ ಸಲಹೆ ಪಡೆದು ಆರಂಭಿಸುವುದು ಕ್ಷೇಮ.

ಆದುದರಿಂದ ಪಾಲಕರು ಸಂಜೆಯ ಒಂದು ತಾಸಿನ ಆಟವನ್ನು ಕಾಲಹರಣವೆಂದು ಎಣಿಸದಿರಲಿ. ವಿದ್ಯಾರ್ಥಿಗಳು ಆ ತಾಸನ್ನು ಓದಿನಷ್ಟೇ ನಿಷ್ಠೆಯಿಂದ ಪಾಲಿಸಲಿ. ಅದು ವಿದ್ಯೆಯಿಂದ ಕದ್ದ ಕಾಲವಲ್ಲ, ವಿದ್ಯೆಗಾಗಿ ಕೂಡಿಟ್ಟ ಕಾಲ.