ದುಗ್ಧಗ್ರಂಥಿಗಳ ಕ್ಯಾನ್ಸರ್: ದಂಪತಿಗಳು ತಿಳಿದಿರಬೇಕಾದ ವಿಷಯಗಳು

ನಮ್ಮ ಶರೀರದಲ್ಲಿ ರಕ್ತನಾಳಗಳಲ್ಲದೆ ಇನ್ನೊಂದು ನಾಳಗಳ ಜಾಲವಿದೆ. ಅದರಲ್ಲಿ ದುಗ್ಧರಸವೆಂಬ ತಿಳಿಯಾದ ದ್ರವವು ಹರಿಯುತ್ತದೆ. ಈ ನಾಳಗಳ ದಾರಿಯಲ್ಲಿ, ಮುಖ್ಯವಾಗಿ ಕುತ್ತಿಗೆ, ಕಂಕುಳು ಮತ್ತು ತೊಡೆಸಂದುಗಳಲ್ಲಿ, ಅವರೆಕಾಳಿನಷ್ಟು ಸಣ್ಣ ಗ್ರಂಥಿಗಳಿವೆ. ಶರೀರವನ್ನು ಹೊಕ್ಕ ರೋಗಾಣುಗಳನ್ನು ತಡೆದು ನಾಶಪಡಿಸುವುದು ಇವುಗಳ ಕೆಲಸ. ಕಾಲಿಗೆ ಮುಳ್ಳು ನೆಟ್ಟು ಕೀವಾದಾಗ ತೊಡೆಸಂದಿನಲ್ಲಿ ನೋವಿನ ಗಡ್ಡೆ ಏಳುವುದನ್ನು ರೈತರೆಲ್ಲರೂ ಬಲ್ಲರು. ಗಾಯ ಮಾಯ್ದಂತೆ ಆ ಗಡ್ಡೆಯೂ ಇಳಿಯುತ್ತದೆ.

ಆದರೆ ಈ ಗ್ರಂಥಿಗಳಲ್ಲಿರುವ ಬಿಳಿಯ ರಕ್ತಕಣಗಳು ಹತೋಟಿ ಮೀರಿ ಬೆಳೆಯತೊಡಗಿದರೆ ಅದು ಒಂದು ಬಗೆಯ ಕ್ಯಾನ್ಸರ್. ಇದನ್ನು ಲಿಂಫೋಮ ಎನ್ನುತ್ತಾರೆ. 1832ರಲ್ಲಿ ಥಾಮಸ್ ಹಾಜ್‌ಕಿನ್ ಎಂಬ ಆಂಗ್ಲ ವೈದ್ಯರು ವರ್ಣಿಸಿದ ರೋಗಕ್ಕೆ ಅವರ ಹೆಸರೇ ಉಳಿದಿದೆ. ಉಳಿದ ಬಗೆಗಳೆಲ್ಲವೂ ಇನ್ನೊಂದು ಗುಂಪಿಗೆ ಸೇರುತ್ತವೆ.

ರೋಗಕ್ಕೆ ಕಾರಣಗಳು

ಬಹುಪಾಲು ರೋಗಿಗಳಲ್ಲಿ ಇಂಥದೇ ಕಾರಣವೆಂದು ಹೇಳಲಾಗದು. ಇದು ಪಾಪದ ಫಲವಲ್ಲ, ಅಂಟುರೋಗವೂ ಅಲ್ಲ. ರೋಗಿಯೊಡನೆ ಉಂಡರೆ, ಮಲಗಿದರೆ ಈ ಕ್ಯಾನ್ಸರ್ ಹರಡುವುದಿಲ್ಲ. ಆದರೂ ಕೆಲವು ಅಂಶಗಳು ಅಪಾಯವನ್ನು ಹೆಚ್ಚಿಸುತ್ತವೆ. ವಯಸ್ಸು ಏರಿದಂತೆ ಅಪಾಯವು ಏರುತ್ತದೆ. ಹಾಜ್‌ಕಿನ್ ರೋಗವು ಮಾತ್ರ ಯೌವನದಲ್ಲಿಯೂ ಬರುತ್ತದೆ. ಒಡಹುಟ್ಟಿದವರಿಗೆ ಅಥವಾ ಹೆತ್ತವರಿಗೆ ರೋಗವಿದ್ದಲ್ಲಿ ಅಪಾಯ ಸ್ವಲ್ಪ ಹೆಚ್ಚು. ಇವು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುವು ಮುಂದಿನವು.

1. ಎಚ್.ಐ.ವಿ. ಸೋಂಕು: ಈ ಸೋಂಕು ರೋಗನಿರೋಧಕ ಶಕ್ತಿಯನ್ನು ಕುಂದಿಸುವುದರಿಂದ ಲಿಂಫೋಮದ ಅಪಾಯವು ಅನೇಕ ಪಟ್ಟು ಹೆಚ್ಚುತ್ತದೆ. ಸತಿಪತಿಗಳು ಪರಸ್ಪರ ನಿಷ್ಠೆಯಿಂದಿರುವುದು, ಸಂಶಯವಿದ್ದಲ್ಲಿ ನಿರೋಧ್ ಬಳಸುವುದು, ಗರ್ಭಿಣಿಯೂ ಅವಳ ಪತಿಯೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ. ಸೋಂಕಿದ್ದರೆ ಎದೆಗುಂದಬಾರದು. 2004ರಿಂದ ಸರ್ಕಾರವು ಉಚಿತವಾಗಿ ನೀಡುತ್ತಿರುವ ಔಷಧಿಯನ್ನು ತಪ್ಪದೆ ಸೇವಿಸಿದರೆ ಈ ಕ್ಯಾನ್ಸರಿನ ಅಪಾಯವೂ ತಗ್ಗುತ್ತದೆ.

2. ಹೆಪಟೈಟಿಸ್ 'ಸಿ' ಸೋಂಕು: ಇದು ಮುಖ್ಯವಾಗಿ ರಕ್ತದ ಮೂಲಕ ಹರಡುತ್ತದೆ. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚಲು ಬಿಡಬೇಡಿ. ಹಚ್ಚೆ ಹಾಕಿಸುವಾಗಲೂ ಹೊಸ ಸೂಜಿಯನ್ನೇ ಕೇಳಿ. ಸಣ್ಣ ಜ್ವರಕ್ಕೂ ಇಂಜೆಕ್ಷನ್ ಬೇಕೆಂದು ಹಟ ಹಿಡಿಯಬೇಡಿ.

3. ಜಠರದ ರೋಗಾಣು: ಹೆಲಿಕೋಬ್ಯಾಕ್ಟರ್ ಎಂಬ ರೋಗಾಣುವು ಜಠರದಲ್ಲಿ ನೆಲೆಸಿ ಹುಣ್ಣನ್ನೂ, ವಿರಳವಾಗಿ ಲಿಂಫೋಮವನ್ನೂ ಉಂಟುಮಾಡುತ್ತದೆ. ಬಹುಕಾಲದ ಹೊಟ್ಟೆಯುರಿಗೆ ಅಂಗಡಿ ಮಾತ್ರೆ ನುಂಗದೆ ಪರೀಕ್ಷೆ ಮಾಡಿಸಿಕೊಳ್ಳಿ. ಶುದ್ಧ ನೀರು, ಶೌಚಾಲಯ, ಸೋಪಿನಿಂದ ಕೈತೊಳೆಯುವುದು ಇವು ಇಂಥ ಸೋಂಕನ್ನು ತಡೆಯಲು ನೆರವಾಗುತ್ತವೆ.

4. ಕೀಟನಾಶಕಗಳು: ಹೊಲದಲ್ಲಿ ದುಡಿಯುವವರು ಇದನ್ನು ಗಮನವಿಟ್ಟು ಓದಬೇಕು. ಹಿಂದೆ ಗ್ಯಾಮಾಕ್ಸಿನ್ ಪುಡಿಯನ್ನು ಹೊಲಕ್ಕೂ ಮನೆಯ ಮೂಲೆಗೂ ಎರಚುತ್ತಿದ್ದರು. ಅದರಲ್ಲಿದ್ದ ಲಿಂಡೇನ್ ಎಂಬ ವಿಷವು ಲಿಂಫೋಮವನ್ನು ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ನಿರ್ಧರಿಸಿತು. ಭಾರತದಲ್ಲಿ ಇಂದು ಇದರ ಬಳಕೆಗೆ ನಿಷೇಧವಿದೆ. ಹಳೆಯ ಪೊಟ್ಟಣ ಅಟ್ಟದ ಮೇಲಿದ್ದರೆ ಮುಟ್ಟಬೇಡಿ, ಕೃಷಿ ಇಲಾಖೆಯವರಿಗೆ ತಿಳಿಸಿ. ಮೆಲಾಥಿಯಾನ್ ಮತ್ತು ಕಳೆನಾಶಕ ಗ್ಲೈಫೋಸೇಟ್‌ಗಳನ್ನು ಅದೇ ವರ್ಷ "ಬಹುಶಃ ಕ್ಯಾನ್ಸರ್‌ಕಾರಕ" ಎಂಬ ವರ್ಗಕ್ಕೆ ಸೇರಿಸಲಾಯಿತು.

ಮಾಡದಕೆರೆಯ ಸುತ್ತಮುತ್ತ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ದಾಳಿಂಬೆ, ಈರುಳ್ಳಿ ಮುಂತಾದ ಬೆಳೆಗಳಿಗೆ ಔಷಧಿ ಹೊಡೆಯುವವರು ಗಾಳಿಗೆ ಬೆನ್ನು ಮಾಡಿ ಹೊಡೆಯಬೇಕು. ಬರಿಗೈಯಿಂದ ಕಲಸಬಾರದು. ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಧರಿಸಬೇಕು. ನಡುವೆ ಬೀಡಿ ಸೇದುವುದಾಗಲಿ ಎಲೆಅಡಿಕೆ ಹಾಕುವುದಾಗಲಿ ಕೂಡದು. ಕೆಲಸ ಮುಗಿದೊಡನೆ ಸೋಪು ಹಚ್ಚಿ ಸ್ನಾನ ಮಾಡಬೇಕು. ಆ ಬಟ್ಟೆಗಳನ್ನು ಮಕ್ಕಳ ಬಟ್ಟೆಯೊಡನೆ ಬೆರೆಸದೆ ಬೇರೆಯಾಗಿ ಒಗೆಯಬೇಕು. ಒಗೆಯುವವರೂ ಕೈಗವಸು ಹಾಕಿಕೊಳ್ಳಬೇಕು. ಖಾಲಿ ಡಬ್ಬಿಗಳಲ್ಲಿ ನೀರು, ಎಣ್ಣೆ ತುಂಬಬಾರದು. ತಲೆಯ ಹೇನಿಗೆ ಹೊಲದ ಔಷಧಿಯನ್ನು ಹಚ್ಚಲೇಬಾರದು. ಗರ್ಭಿಣಿಯರು ಮತ್ತು ಎಳೆಮಕ್ಕಳ ತಾಯಂದಿರು ಈ ಕೆಲಸದಿಂದ ದೂರವಿರಬೇಕು.

ಯಾವ ಗಡ್ಡೆಗೆ ಅಂಜಬೇಕು?

ನೋವಿಲ್ಲದೆ ಎದ್ದ ಗಡ್ಡೆಯು ಮೂರು ವಾರ ಕಳೆದರೂ ಇಳಿಯದಿದ್ದರೆ, ಅಥವಾ ಬೆಳೆಯುತ್ತಲೇ ಇದ್ದರೆ ವೈದ್ಯರಿಗೆ ತೋರಿಸಬೇಕು. ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು ಇವು ಜೊತೆಗಿದ್ದರಂತೂ ತಡಮಾಡಬಾರದು. ನೋವಿಲ್ಲವೆಂಬುದೇ ಇಲ್ಲಿ ಮೋಸ. ಕಂಕುಳು, ತೊಡೆಸಂದಿನ ಗಡ್ಡೆಗಳನ್ನು ಸ್ತ್ರೀಯರು ನಾಚಿಕೆಯಿಂದ ಮುಚ್ಚಿಡುವುದುಂಟು. ಪತಿಯು ವಿಚಾರಿಸಿ, ತಾನೇ ಜೊತೆಗೂಡಿ ಆಸ್ಪತ್ರೆಗೆ ಕರೆತರಬೇಕು.

ನಮ್ಮಲ್ಲಿ ಕುತ್ತಿಗೆಯ ಗಡ್ಡೆಗೆ ಕ್ಷಯರೋಗವೂ ಸಾಮಾನ್ಯ ಕಾರಣ. ಹಳಬರು ಇದನ್ನು ಗಂಡಮಾಲೆ ಎನ್ನುತ್ತಿದ್ದರು. ಹೊರನೋಟಕ್ಕೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಗಡ್ಡೆಯನ್ನು ಅಥವಾ ಅದರ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ. ಕತ್ತಿ ತಗುಲಿದರೆ ಕ್ಯಾನ್ಸರ್ ಹರಡುತ್ತದೆಂಬುದು ತಪ್ಪು ತಿಳಿವಳಿಕೆ. ಗಡ್ಡೆಗೆ ಬರೆ ಹಾಕಿಸುವುದು, ಸೊಪ್ಪಿನ ಪಟ್ಟು ಕಟ್ಟುತ್ತ ತಿಂಗಳುಗಳನ್ನು ಕಳೆಯುವುದು ಹಾನಿಕರ. ವೈದ್ಯರ ಸಲಹೆಯಿಲ್ಲದೆ ಸ್ಟೆರಾಯ್ಡ್ ಮಾತ್ರೆ ನುಂಗಿದರೆ ಗಡ್ಡೆ ತಾತ್ಕಾಲಿಕವಾಗಿ ಕುಗ್ಗಿ ರೋಗವು ಮರೆಯಾಗಿ ಕುಳಿತೀತು. ಕ್ಷಯದ ಔಷಧಿ ಸೇವಿಸುತ್ತಿರುವಾಗ ಗಡ್ಡೆ ಬೆಳೆಯುತ್ತಿದ್ದರೆ ಔಷಧಿಯನ್ನು ತಾವಾಗಿ ನಿಲ್ಲಿಸದೆ ಪುನಃ ವೈದ್ಯರನ್ನು ಕಾಣಬೇಕು.

ಚಿಕಿತ್ಸೆ ಮತ್ತು ಸಂಸಾರ

ಬೇಗ ಗುರುತಿಸಿದ ಹಾಜ್‌ಕಿನ್ ರೋಗಿಗಳಲ್ಲಿ ಬಹುಪಾಲು ಮಂದಿ ಗುಣಹೊಂದುತ್ತಾರೆ. ಇತರ ಬಗೆಗಳಲ್ಲಿಯೂ ಹಲವು ವಾಸಿಯಾಗುತ್ತವೆ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯಲ್ಲಿ ಚಿಕಿತ್ಸೆಯ ಸೌಲಭ್ಯವಿದೆ. ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯು ನೆರವು ನೀಡುತ್ತದೆ. ಪಡಿತರ ಚೀಟಿ ಮತ್ತು ಆಧಾರ್ ಚೀಟಿಗಳೊಡನೆ ಮೊದಲು ಸರ್ಕಾರಿ ಆಸ್ಪತ್ರೆಗೆ ಬಂದು ಶಿಫಾರಸು ಪತ್ರ ಪಡೆಯಿರಿ.

ಚಿಕಿತ್ಸೆಯ ಕೆಲವು ಔಷಧಿಗಳು ಸಂತಾನಶಕ್ತಿಯನ್ನು ಕುಗ್ಗಿಸಬಲ್ಲವು. ಮಕ್ಕಳನ್ನು ಬಯಸುವ ದಂಪತಿಗಳು ಚಿಕಿತ್ಸೆಗೆ ಮೊದಲೇ ವೈದ್ಯರೊಡನೆ ಈ ಮಾತನ್ನು ಸಂಕೋಚವಿಲ್ಲದೆ ಆಡಬೇಕು. ಚಿಕಿತ್ಸೆಯ ಕಾಲದಲ್ಲಿ ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು. ಗರ್ಭಿಣಿಯಾಗಿದ್ದರೆ ಅಥವಾ ಮೊಲೆಯೂಡಿಸುತ್ತಿದ್ದರೆ ಮೊದಲೇ ತಿಳಿಸಬೇಕು. ರೋಗಿಯಾದ ಹೆಂಡತಿಯನ್ನು ತವರಿಗೆ ಕಳುಹಿಸಿ ಕೈತೊಳೆದುಕೊಳ್ಳುವುದು ಧರ್ಮವಲ್ಲ. ಚಿಕಿತ್ಸೆಯು ತಿಂಗಳುಗಟ್ಟಲೆ ನಡೆಯುವುದರಿಂದ, ಜೊತೆಯಲ್ಲಿ ನಿಲ್ಲುವ ಸಂಗಾತಿಯೇ ಅದು ಪೂರ್ಣವಾಗಲು ದೊಡ್ಡ ಆಸರೆ.

ಆದುದರಿಂದ ದಂಪತಿಗಳೇ, ವಿಷದಿಂದಲೂ ಸೋಂಕಿನಿಂದಲೂ ದೂರವಿರಿ. ಇಳಿಯದ ಗಡ್ಡೆಯನ್ನು ಅಲಕ್ಷಿಸಬೇಡಿ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲು ನಿಮಗಾಗಿ ತೆರೆದಿದೆ.