ಬದುವಿನ ಹುಲ್ಲು ಕೊಯ್ದ ಮೇಲೆ ಜ್ವರ ಬಂದರೆ

ಮಳೆಗಾಲ ಮುಗಿಯುವ ವೇಳೆಗೆ ಹೊಲದ ಬದುಗಳ ಮೇಲೆ ಹುಲ್ಲು, ಪೊದೆ ದಟ್ಟವಾಗಿ ಬೆಳೆದಿರುತ್ತವೆ. ದನಕರುಗಳಿಗೆಂದು ಹುಲ್ಲು ಕೊಯ್ದು, ದಣಿವಾದಾಗ ಅದೇ ಬದುವಿನ ಮೇಲೆ ಕುಳಿತು ಬುತ್ತಿ ಉಣ್ಣುವುದು ನಮ್ಮ ರೂಢಿ. ಹತ್ತು ಹನ್ನೆರಡು ದಿನಗಳ ನಂತರ ಚಳಿಜ್ವರ, ತಡೆಯಲಾರದ ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ, ಅದಕ್ಕೂ ಹುಲ್ಲು ಕೊಯ್ದುದಕ್ಕೂ ನಂಟಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ರೈತ ಬಾಂಧವರೇ, ಆ ನಂಟನ್ನು ನೀವು ವೈದ್ಯರಿಗೆ ತಿಳಿಸಿದರೆ ಒಂದು ಜೀವ ಉಳಿಯಬಹುದು. ಈ ಜ್ವರದ ಹೆಸರು ಸ್ಕ್ರಬ್ ಟೈಫಸ್.

ಹರಡುವ ಬಗೆ

ತೆಂಗಿನ ನುಸಿ ಪೀಡೆ ನಿಮಗೆ ಗೊತ್ತು. ಅದೇ ನುಸಿಗಳ ದೊಡ್ಡ ಬಳಗಕ್ಕೆ ಸೇರಿದ ಇನ್ನೊಂದು ಜಾತಿ ಪೊದೆ, ಹುಲ್ಲುಗಳ ನಡುವೆ ವಾಸಿಸುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಇದರ ಮರಿ, ಇಲಿ ಹೆಗ್ಗಣಗಳಿಗೆ ಕಚ್ಚುವಂತೆ ಮನುಷ್ಯರಿಗೂ ಕಚ್ಚುತ್ತದೆ. ಆಗ ಓರಿಯೆನ್ಷಿಯಾ ಎಂಬ ರೋಗಾಣು ದೇಹವನ್ನು ಸೇರುತ್ತದೆ. ಕಚ್ಚಿದ 6ರಿಂದ 21 ದಿನಗಳೊಳಗೆ ಜ್ವರ ಬರುತ್ತದೆ. ರೋಗಿಯಿಂದ ಇನ್ನೊಬ್ಬರಿಗೆ ಇದು ಅಂಟುವುದಿಲ್ಲ.

ಗುರುತಿಸುವುದು ಹೇಗೆ?

ಈ ಜ್ವರ ಟೈಫಾಯ್ಡ್, ಡೆಂಗ್ಯೂ, ಮಲೇರಿಯಾ, ಇಲಿಜ್ವರಗಳನ್ನು ಹೋಲುವುದರಿಂದ ವೈದ್ಯರಿಗೂ ಗುರುತಿಸುವುದು ಕಷ್ಟ. ಆದರೆ ಅನೇಕ ರೋಗಿಗಳಲ್ಲಿ ಒಂದು ಸುಳಿವು ಸಿಗುತ್ತದೆ. ನುಸಿ ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂತೆ ಕಪ್ಪು ಹಕ್ಕಳೆ ಮೂಡುತ್ತದೆ. ನೋವಾಗಲಿ, ತುರಿಕೆಯಾಗಲಿ ಇಲ್ಲದ ಕಾರಣ ರೋಗಿಗೇ ಅದು ತಿಳಿದಿರುವುದಿಲ್ಲ. ಕಂಕುಳು, ತೊಡೆಸಂದು, ಸೊಂಟ, ಸ್ತನಗಳ ಕೆಳಭಾಗ, ಮೊಣಕಾಲಿನ ಹಿಂಭಾಗ ಇವುಗಳನ್ನು ಮನೆಯವರಿಂದ ನೋಡಿಸಿಕೊಳ್ಳಿ. ಕಂಡುಬಂದರೆ ಸಂಕೋಚ ಬಿಟ್ಟು ವೈದ್ಯರಿಗೆ ತೋರಿಸಿ. ಹಕ್ಕಳೆ ಇಲ್ಲವೆಂದ ಮಾತ್ರಕ್ಕೆ ಈ ರೋಗವಲ್ಲವೆಂದು ತಿಳಿಯಬಾರದು.

ರೋಗವನ್ನು ಖಚಿತಪಡಿಸಲು ಐ.ಜಿ.ಎಂ. ಎಲೈಸಾ ಎಂಬ ರಕ್ತಪರೀಕ್ಷೆಯಿದೆ. ಜ್ವರದ ಮೊದಲ ದಿನಗಳಲ್ಲಿ ಇದು ರೋಗವನ್ನು ತೋರಿಸದಿರಬಹುದು. ಆದ್ದರಿಂದ ಅನುಮಾನ ಬಂದೊಡನೆಯೇ ವೈದ್ಯರು ಔಷಧಿ ಆರಂಭಿಸುವುದುಂಟು.

ಚಿಕಿತ್ಸೆ

ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ಅನೇಕ ಸೈನಿಕರು ಈ ರೋಗಕ್ಕೆ ತುತ್ತಾದಾಗ ತಕ್ಕ ಮದ್ದಿರಲಿಲ್ಲ. 1948ರಲ್ಲಿ ಮಲಯದಲ್ಲಿ ಕ್ಲೋರಾಂಫೆನಿಕಾಲ್ ಇದನ್ನು ವಾಸಿಮಾಡಬಲ್ಲುದೆಂದು ಕಂಡುಬಂತು. ಇಂದು ಅಗ್ಗದ ಡಾಕ್ಸಿಸೈಕ್ಲಿನ್ ಮುಖ್ಯ ಔಷಧಿ. ವಯಸ್ಕರಿಗೆ ಸಾಮಾನ್ಯವಾಗಿ 100 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ ಕೊಡುತ್ತಾರೆ. ಗರ್ಭಿಣಿಯರಿಗೆ ಅಜಿತ್ರೋಮೈಸಿನ್ ಕೊಡುವುದು ವಾಡಿಕೆ. ಸಕಾಲದಲ್ಲಿ ಆರಂಭಿಸಿದರೆ ಹೆಚ್ಚಿನವರಲ್ಲಿ 48 ಗಂಟೆಗಳೊಳಗೆ ಜ್ವರ ಇಳಿಯುತ್ತದೆ. ರೋಗಾಣು ನಮ್ಮ ಜೀವಕೋಶಗಳ ಒಳಗೆ ಅಡಗಿರುವುದರಿಂದ ಪೆನಿಸಿಲಿನ್ ಗುಂಪಿನ ಔಷಧಿಗಳು ಇದಕ್ಕೆ ನಾಟುವುದಿಲ್ಲ. ಅಂಗಡಿಯಿಂದ ಯಾವುದೋ ಮಾತ್ರೆ ತಂದು ನುಂಗುತ್ತಾ ವಾರ ಕಳೆದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ಧಕ್ಕೆಯಾಗಿ ಪ್ರಾಣಾಪಾಯ ಒದಗಬಹುದು. ಉಸಿರಾಟದ ತೊಂದರೆ, ಮಾತಿನಲ್ಲಿ ಗೊಂದಲ, ಮೂತ್ರ ಕಡಿಮೆಯಾಗುವುದು ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಸೇರಿಸಿ. ಜ್ವರ ಇಳಿಯಿತೆಂದು ಮಾತ್ರೆಗಳನ್ನು ಅರ್ಧಕ್ಕೆ ನಿಲ್ಲಿಸಬೇಡಿ.

ಮುನ್ನೆಚ್ಚರಿಕೆ

1. ತುಂಬುತೋಳಿನ ಅಂಗಿ, ಉದ್ದ ಷರಾಯಿ, ಕಾಲುಚೀಲ ಧರಿಸಿ ಹುಲ್ಲು ಕೊಯ್ಯಿರಿ.
2. ಹುಲ್ಲಿನ ಮೇಲೆ ಬರಿದೆ ಕೂರಬೇಡಿ, ಮಲಗಬೇಡಿ. ಬಟ್ಟೆಗಳನ್ನು ಪೊದೆಗಳ ಮೇಲೆ ಒಣಹಾಕಬೇಡಿ.
3. ಮನೆಗೆ ಬಂದೊಡನೆ ಸೋಪು ಹಚ್ಚಿ ಮೈ ಉಜ್ಜಿ ಸ್ನಾನ ಮಾಡಿ, ಉಟ್ಟ ಬಟ್ಟೆ ಒಗೆಯಿರಿ.
4. ಮನೆ, ಕೊಟ್ಟಿಗೆಗಳ ಸುತ್ತಲಿನ ಪೊದೆ ತೆಗೆದು ಇಲಿಗಳಿಗೆ ಆಸರೆ ಇಲ್ಲದಂತೆ ಮಾಡಿ.

ಈ ರೋಗಕ್ಕೆ ಲಸಿಕೆ ಇಲ್ಲ. ಜ್ವರ ಬಂದಾಗ ವೈದ್ಯರು ಕೇಳಲಿ, ಕೇಳದಿರಲಿ, "ಕಳೆದ ಮೂರು ವಾರಗಳಲ್ಲಿ ಹುಲ್ಲು ಪೊದೆಗಳ ನಡುವೆ ಕೆಲಸ ಮಾಡಿದ್ದೇನೆ" ಎಂದು ನೀವಾಗಿಯೇ ಹೇಳಿ.