ಮಿತವ್ಯಯದಲ್ಲಿ ಟೈರುಗಳ ಆಯ್ಕೆ

ಬದನೆಕಾಯನ್ನು ಕೊಳ್ಳುವಾಗ ತೊಟ್ಟು ಹಸುರಾಗಿದೆಯೇ ಎಂದು ತಿರುಗಿಸಿ ನೋಡುವ ಗೃಹಸ್ಥರು, ತಮ್ಮ ಹೆಂಡಿರುಮಕ್ಕಳನ್ನು ಹೊತ್ತು ತಿರುಗುವ ಮೋಟಾರಿಗೆ ಟೈರನ್ನು ಕೊಳ್ಳುವಾಗ ಮಾತ್ರ ಅಂಗಡಿಯವನು ಹೇಳಿದುದನ್ನೇ ವೇದವಾಕ್ಯವೆಂದು ನಂಬಿಬಿಡುತ್ತಾರೆ. ಈ ವಿಷಯವಾಗಿ ನಾವು ಬರೆಯಹೊರಟುದನ್ನು ಕಂಡು ವಾಚಕರು ನಗಬಹುದು. ಬಹುಕಾಲ ಮಕ್ಕಳಿಗೆ ಶಬ್ದರೂಪಗಳನ್ನು ಕಂಠಪಾಠ ಮಾಡಿಸಿದವರಿಗೂ ಟೈರಿಗೂ ಏನು ನಂಟು? ನಂಟು ಬಂದ ಬಗೆ ಹೀಗೆ.

ಶಂಕರಪುರದಲ್ಲಿ ನಮ್ಮ ಬೀದಿಯಲ್ಲಿಯೇ ಇರುವ ಹಳೆಯ ಶಿಷ್ಯನೊಬ್ಬನು ಸ್ಯಾನ್ ಸ್ಟಾರ್ಮ್ ಎಂಬ ಸ್ಪೋರ್ಟ್ಸ್ ಕಾರೊಂದನ್ನು ಮತ್ತೊಬ್ಬರಿಂದ ಕೊಂಡನು. ಎರಡೇ ಆಸನ, ಫೈಬರ್ ಗ್ಲಾಸಿನ ಮೈ, ಫ್ರಾನ್ಸಿನ ರೆನೊ ಸಂಸ್ಥೆಯ 1149 ಸಿ.ಸಿ. ಎಂಜಿನು. 1998ರ ಸುಮಾರಿನಲ್ಲಿ ಗೋವೆಯಲ್ಲಿ ತಯಾರಾಗತೊಡಗಿ, ಈಗ ತಯಾರಿಕೆ ನಿಂತುಹೋಗಿರುವ ಗಾಡಿ. ಧನಿಕರ ಆಟಿಕೆಯಲ್ಲ; ಸಾಧಾರಣ ಸಂಬಳದವನೊಬ್ಬನ ಬಹುದಿನದ ಹಂಬಲ. ಹಿಂದಿನ ಯಜಮಾನರು ಅದನ್ನು ಹೆಚ್ಚಾಗಿ ಷೆಡ್ಡಿನಲ್ಲಿಯೇ ನಿಲ್ಲಿಸಿದ್ದುದರಿಂದ ಟೈರುಗಳ ಚಡಿಗಳು ಆಳವಾಗಿಯೇ ಇದ್ದುವು. ಭರಣಿ ಮಳೆಯ ಮೊದಲ ಹನಿಗಳು ಬಿದ್ದ ಒಂದು ಸಂಜೆ, ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಶಂಕರಮಠದ ರಸ್ತೆಯಲ್ಲಿ ಬರುತ್ತ ಬ್ರೇಕನ್ನು ಒತ್ತಿದನು. ಚಕ್ರಗಳು ನಿಂತುವು, ಗಾಡಿ ನಿಲ್ಲಲಿಲ್ಲ. ಹೂವು ಮಾರುವ ಮುದುಕಿಯ ಬುಟ್ಟಿಗೆ ಒಂದು ಗೇಣು ಉಳಿದಿರುವಾಗ ಹೇಗೋ ನಿಂತಿತು.

ಮರುದಿನ ಬಂದು, "ಮೇಷ್ಟ್ರೇ, ಗ್ರಿಪ್ಪೆಲ್ಲ ಹೊಸದರ ಹಾಗೆಯೇ ಇದೆ, ಯಾಕೆ ಜಾರಿತೋ ತಿಳಿಯದು" ಎಂದನು. ನಾವು ಕನ್ನಡಕವನ್ನು ಧರಿಸಿ, ಗಾಡಿಯ ಬಳಿ ಕುಕ್ಕುರುಗಾಲಿನಲ್ಲಿ ಕುಳಿತು, ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ್ದುದನ್ನು ಓದತೊಡಗಿದೆವು. ಓದುವುದೊಂದೇ ನಮಗೆ ಬರುವ ಕಸುಬು.

ಅಂಡಾಕಾರದ ಚಿಕ್ಕ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿದ್ದುವು: 1412. ಮೊದಲೆರಡು ವಾರವನ್ನೂ ಕಡೆಯೆರಡು ವರ್ಷವನ್ನೂ ಸೂಚಿಸುತ್ತವೆ. ಎಂದರೆ, ಅದು 2012ನೆಯ ಇಸವಿಯ ಹದಿನಾಲ್ಕನೆಯ ವಾರದಲ್ಲಿ ಹುಟ್ಟಿದ ಟೈರು. ರಬ್ಬರು ಓಡಿದರೆ ಮಾತ್ರ ಸವೆಯುವ ವಸ್ತುವಾದರೂ, ನಿಂತಲ್ಲಿಯೇ ಮುಪ್ಪಾಗುತ್ತದೆ. ಗಾಳಿಯ ಆಮ್ಲಜನಕ, ಬಿಸಿಲು, ಕಾವು ಇವುಗಳಿಂದ ಅದರ ಮೃದುತ್ವ ಹೋಗಿ ಗಡುಸಾಗುತ್ತದೆ. ಗಡುಸಾದ ರಬ್ಬರು ನೆಲವನ್ನು ಹಿಡಿಯದು. ಬೇಸಿಗೆಯ ಧೂಳೂ ಎಣ್ಣೆಯೂ ಮೊದಲ ಮಳೆಗೆ ನೆನೆದಿರುವ ನೆಲವನ್ನಂತೂ ಹಿಡಿಯಲೇ ಆರದು. ಐದು ವರ್ಷವಾದ ಮೇಲೆ ಪ್ರತಿವರ್ಷವೂ ಪರೀಕ್ಷಿಸಬೇಕು, ಹತ್ತು ವರ್ಷವಾದರೆ ಚಡಿಯೆಷ್ಟೇ ಇರಲಿ ತೆಗೆದುಹಾಕಬೇಕು ಎಂದು ತಯಾರಕರಲ್ಲಿಯೇ ಕೆಲವರು ಹೇಳುತ್ತಾರೆ. ಒಂದು ಅಗುಳನ್ನು ಹಿಸುಕಿ ಮಡಕೆಯ ಅನ್ನವೆಲ್ಲ ಬೆಂದಿದೆಯೆಂದು ತಿಳಿಯುವ ಸ್ಥಾಲೀಪುಲಾಕನ್ಯಾಯ ಇಲ್ಲಿ ನಡೆಯದು. ಮಿಕ್ಕ ಮೂರನ್ನೂ ಓದಿದೆವು. ಮೂರಕ್ಕೂ ಬೇರೆ ಬೇರೆ ವಯಸ್ಸು! ತಾರೀಖು ಕೆಲವು ಟೈರುಗಳಲ್ಲಿ ಒಂದೇ ಪಕ್ಕದಲ್ಲಿರುವುದರಿಂದ ಗಾಡಿಯ ಕೆಳಗೆ ತೂರಿ ನೋಡಬೇಕಾಗುವುದೂ ಉಂಟು. ಆ ಕೆಲಸವನ್ನು ಶಿಷ್ಯನೇ ಮಾಡಿದನು.

ಇನ್ನು ಕೊಳ್ಳುವ ಮಾತು. ಅವನ ಕೈಯಲ್ಲಿದ್ದುದು ನಾಲ್ಕಕ್ಕೂ ಸೇರಿ 20,000 ರೂಪಾಯಿ. ಮಿನರ್ವ ಸರ್ಕಲ್ಲನ್ನು ದಾಟಿ ಜೆ.ಸಿ. ರಸ್ತೆಗೆ ಇಬ್ಬರೂ ನಡೆದೆವು. ಮೊದಲನೆಯ ಅಂಗಡಿಯಲ್ಲಿ, ಸ್ಪೋರ್ಟ್ಸ್ ಕಾರೆಂದ ಕೂಡಲೆ, ಅಗಲವಾದ ಟೈರುಗಳನ್ನೂ ಅದಕ್ಕೆ ತಕ್ಕ ದೊಡ್ಡ ಅಲಾಯ್ ಚಕ್ರಗಳನ್ನೂ ತೋರಿಸಿದರು. ಶಿಷ್ಯನ ಕಣ್ಣು ಅಲ್ಲಿಯೇ ನಾಟಿತು.

ಈ ಅಳತೆಗಳನ್ನು ಓದುವ ಕ್ರಮವನ್ನು ಹೇಳಬೇಕು. ಪಾಣಿನಿಯ ಸೂತ್ರಗಳಂತೆ ಇಲ್ಲಿಯೂ ಅಕ್ಷರ ಸ್ವಲ್ಪ, ಅರ್ಥ ಬಹಳ. ಉದಾಹರಣೆಗೆ 185/60 ಆರ್ 14 82 ಎಚ್ ಎಂದಿದ್ದರೆ, ಅಗಲ 185 ಮಿಲಿಮೀಟರು. ಪಕ್ಕದ ಗೋಡೆಯ ಎತ್ತರ ಅದರಲ್ಲಿ ನೂರಕ್ಕೆ 60, ಎಂದರೆ 111 ಮಿಲಿಮೀಟರು. ಆರ್ ಎಂಬುದು ರೇಡಿಯಲ್. ಚಕ್ರದ ವ್ಯಾಸ 14 ಅಂಗುಲ. 82 ಎಂಬ ಸಂಕೇತಕ್ಕೆ ಒಂದು ಟೈರು 475 ಕಿಲೋ ಹೊರಬಲ್ಲುದೆಂದೂ, ಎಚ್ ಎಂಬುದಕ್ಕೆ ಗಂಟೆಗೆ 210 ಕಿಲೋಮೀಟರು ವೇಗವನ್ನು ತಾಳಬಲ್ಲುದೆಂದೂ ಅರ್ಥ. ಇದರ ಬದಲು 195/50 ಆರ್ 15 ಹಾಕಿದರೆ ಒಟ್ಟು ವ್ಯಾಸ 578ಕ್ಕೆ ಬದಲಾಗಿ 576 ಮಿಲಿಮೀಟರು. ಆದುದರಿಂದ ವೇಗದ ಮುಳ್ಳು ಹೆಚ್ಚು ತಪ್ಪು ಹೇಳದು. ಅಂಗಡಿಯವರ ಲೆಕ್ಕವೇನೋ ಸರಿಯೇ. ಆದರೆ ಗೋಡೆ ಗಿಡ್ಡವಾದಷ್ಟೂ ನಮ್ಮ ರಸ್ತೆಯ ಗುಂಡಿಗಳ ಪೆಟ್ಟು ಚಕ್ರದ ಅಂಚಿಗೇ ತಗಲುತ್ತದೆ. ಮೇಲಾಗಿ, ಹಗುರವಾದ ಗಾಡಿಯ ಭಾರ ಅಗಲವಾದ ಟೈರಿನ ಮೇಲೆ ಹರಡಿಹೋದಾಗ, ನಿಂತ ನೀರಿನ ಮೇಲೆ ಅದು ಬೇಗನೆ ತೇಲತೊಡಗುತ್ತದೆ. ಹಣ ಕೊಟ್ಟು ಕೆಡುಕನ್ನು ತರುವುದೇತಕ್ಕೆ? ಗಾಡಿಯ ತಯಾರಕರು ಗೊತ್ತುಮಾಡಿದ ಅಳತೆಯನ್ನೇ ಕೇಳಿದೆವು.

ಎರಡನೆಯ ಅಂಗಡಿಯವರು, ಎರಡು ಉತ್ತಮವಾದುವನ್ನು ಕೊಂಡು ಎರಡು ಹಳೆಯವನ್ನು ಉಳಿಸಿಕೊಳ್ಳಿರೆಂದರು. ಹಳೆಯವು ಚೆನ್ನಾಗಿದ್ದಲ್ಲಿ ಇದು ಒಪ್ಪತಕ್ಕ ಸಲಹೆಯೇ. ಆಗ ಹೊಸವನ್ನು ಹಿಂದಕ್ಕೆ ಹಾಕಬೇಕು, ಮುಂದಕ್ಕಲ್ಲ. ಹಿಂದಿನ ಚಕ್ರಗಳು ಜಾರಿದರೆ ಗಾಡಿ ಬುಗುರಿಯಾಗುತ್ತದೆ. ಆದರೆ ನಮ್ಮ ಹಳೆಯವು ಉಳಿಸಿಕೊಳ್ಳತಕ್ಕುವಲ್ಲ.

ಮೂರನೆಯ ಅಂಗಡಿಯಲ್ಲಿ ನಮ್ಮ ದೇಶದಲ್ಲಿಯೇ ತಯಾರಾದ ಮಧ್ಯಮ ಬೆಲೆಯ ಟೈರುಗಳು ದೊರೆತುವು. (1946ರಲ್ಲಿ ಮಿಷಲಿನ್ ಸಂಸ್ಥೆ ಫ್ರಾನ್ಸಿನಲ್ಲಿ ರೇಡಿಯಲ್ ಟೈರಿಗೆ ಹಕ್ಕು ಪಡೆಯಿತು, ಅದೇ ವರ್ಷ ಮದರಾಸಿನ ತಿರುವೊತ್ತಿಯೂರಿನಲ್ಲಿ ಎಂ.ಆರ್.ಎಫ್. ಆರಂಭವಾದುದು ಮಕ್ಕಳ ಬಲೂನುಗಳನ್ನು ಮಾಡುವುದಕ್ಕಾಗಿ!) ಪಕ್ಕದಲ್ಲಿ ಟ್ರೆಡ್‌ವೇರ್ ಎಂಬ ಸಂಖ್ಯೆಯಿದ್ದರೆ ಅದು ಬಾಳಿಕೆಯನ್ನು ಸೂಚಿಸುತ್ತದೆ. ದೊಡ್ಡ ಸಂಖ್ಯೆಯೆಲ್ಲ ಒಳ್ಳೆಯದೆಂದು ಭ್ರಮಿಸಬಾರದು; ಬಹುಕಾಲ ಬಾಳುವ ರಬ್ಬರು ಸಾಮಾನ್ಯವಾಗಿ ಗಡುಸು. ಟ್ರಾಕ್ಷನ್ ಎಂಬಲ್ಲಿ ಎಎ, ಎ, ಬಿ, ಸಿ ಎಂಬ ದರ್ಜೆಗಳಲ್ಲೊಂದಿರುತ್ತದೆ. ಇದು ಒದ್ದೆ ನೆಲದಲ್ಲಿ ನೇರವಾಗಿ ಹೋಗುವಾಗ ಬ್ರೇಕು ಹಿಡಿಯುವ ಶಕ್ತಿಯನ್ನು ತಿಳಿಸುತ್ತದೆ. ಬಾಳಿಕೆ ಸ್ವಲ್ಪ ಕಡಿಮೆಯಾದರೂ ಈ ದರ್ಜೆ ಮೇಲಾಗಿದ್ದುದನ್ನೇ ಆರಿಸಿದೆವು. ಕಟ್ಟುವ ಮೊದಲು ನಾಲ್ಕರ ತಾರೀಖನ್ನೂ ಓದಿ, ಎರಡು ವರ್ಷ ಹಳೆಯದಾಗಿದ್ದ ಒಂದನ್ನು ಬದಲಾಯಿಸಿಕೊಂಡೆವು. ಅಂಗಡಿಯ ಹುಡುಗನಿಗೆ ಸ್ವಲ್ಪ ಬೇಸರವಾಯಿತು. ಅಲೈನ್‌ಮೆಂಟು, ಬ್ಯಾಲೆನ್ಸಿಂಗು, ಹೊಸ ವಾಲ್ವು ಎಲ್ಲ ಸೇರಿ 19,400 ರೂಪಾಯಿ.

ಚಡಿಗಳ ನಡುವೆ ಅಡ್ಡಲಾಗಿರುವ 1.6 ಮಿಲಿಮೀಟರಿನ ದಿಣ್ಣೆಗಳ ಮಟ್ಟಕ್ಕೆ ಟೈರು ಸವೆದರೆ ಅದರ ಆಯುಸ್ಸು ತೀರಿತೆಂದು ಲೆಕ್ಕ. ಮಳೆಗಾಲವನ್ನು ನೆನೆದು, 3 ಮಿಲಿಮೀಟರು ಉಳಿದಿರುವಾಗಲೇ ಹೊಸದಕ್ಕೆ ಹಣವನ್ನು ಕೂಡಿಡತೊಡಗೆಂದು ಶಿಷ್ಯನಿಗೆ ಹೇಳಿದೆವು.

ಹಳೆಯ ನಾಲ್ಕಕ್ಕೂ ಸೇರಿ 1,600 ರೂಪಾಯಿ ಕೊಡುವೆನೆಂದು ಅಲ್ಲಿದ್ದವರೊಬ್ಬರು ಮುಂದೆ ಬಂದರು. "ಏನು ಮಾಡುತ್ತೀರಿ?" ಎಂದು ಕೇಳಿದುದಕ್ಕೆ, "ಗ್ರಿಪ್ಪು ಚೆನ್ನಾಗಿದೆ ಸ್ವಾಮೀ, ಯಾರಾದರೂ ಹಾಕಿಕೊಳ್ಳುತ್ತಾರೆ" ಎಂದರು. ಶಿಷ್ಯನು ನಮ್ಮ ಮುಖವನ್ನು ನೋಡಿದನು. 1,600 ಅವನಿಗೆ ಸಣ್ಣ ಮೊತ್ತವಲ್ಲ. ನಾವು ಏನೂ ಹೇಳಲಿಲ್ಲ. ಅವನು ಅಂಗಡಿಯ ಹುಡುಗನಿಂದ ಚಾಕುವನ್ನು ಕೇಳಿ ಪಡೆದು, ನಾಲ್ಕು ಟೈರುಗಳ ಪಕ್ಕವನ್ನೂ ಉದ್ದಕ್ಕೆ ಸೀಳಿದನು.